ಮಿಸಿಸಿಪ್ಪಿಯ ಗಾಂಜಾ ಕಾರ್ಡು: ವಿಸಿಟರ್ ವೀಸಾದಾಗ ಹೋದವರಿಗೆ ನಡೀತದೇನ್ರಿ?

ಕಾಗಿಣಾ ದಂಡೆ (ಕಲಬುರಗಿ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ್ರಿ. ಅಪ್ಪ-ಅವ್ವ ಅಕ್ಕನ ಮನಿಗಿ ಹೊಂಟಾರ. ಊರು ಸ್ಟಾರ್ಕ್‌ವಿಲ್, ಅಮೆರಿಕದ ದಕ್ಷಿಣದಾಗ ಮಿಸಿಸಿಪ್ಪಿ ರಾಜ್ಯದ ಒಂದು ಸಣ್ಣ ಯೂನಿವರ್ಸಿಟಿ ಊರು. ಬಿ-2 ವೀಸಾ, ಐದೂವರಿ ತಿಂಗಳು ಇರ್ತಾರ.

ಅವ್ವಗ 67 ವರ್ಷ. ಶುಗರ್ ಹಳೇದು, ರಾತ್ರಿ ಆದ್ರ ಪಾದ ಉರಿತಾವ, ನಿದ್ದಿ ಇಲ್ಲ. ನರದ ಉರಿಗಿ ಪ್ರಿಗ್ಯಾಬಲಿನ್ 75 ಮಿಲಿಗ್ರಾಂ ದಿನಕ್ಕ ಎರಡು, ಬಿಪಿಗಿ ಆಮ್ಲೋಡಿಪಿನ್, ಶುಗರಿಗಿ ಮೆಟ್‌ಫಾರ್ಮಿನ್ ನಡದಾವ. ಅಕ್ಕನ ಬಾಜೂ ಮನಿಯವರು “ಇಲ್ಲಿ ಡಾಕ್ಟರು ಕಾರ್ಡ್ ಬರದು ಕೊಡ್ತಾರ, ಗಾಂಜಾ ಗಮ್ಮಿ (ಜೆಲ್ಲಿ ಮಿಠಾಯಿ) ತಿಂದ್ರ ನರದ ಉರಿ ಕಡಿಮಿ ಆಗ್ತದ” ಅಂದಾರಂತ. ಅಕ್ಕ ಅದನ್ನೇ ಹಿಡದು ಕುಂತಾಳ.

ಅವ್ವನ ಹೆಸರಲೆ ಕಾರ್ಡ್ ಸಿಗ್ತದೇನು? ಸಿಗಲಿಲ್ಲಂದ್ರ ಅಕ್ಕ ತನ್ನ ಹೆಸರಲೆ ತಗೊಂಡು ಅವ್ವಗ ಕೊಡಬಹುದಾ? ವಾಪಸ್ ಬರೋವಾಗ ಒಂದೆರಡು ಬಾಟ್ಲಿ ಎಣ್ಣಿ ತಂದ್ರ ಏನಾಗ್ತದ? ಇಲ್ಲೇ ಕಲಬುರಗಿಯೊಳಗ ಕಾಯ್ದೆ ಪ್ರಕಾರ ಸಿಗೋ ಹಂಗಿದ್ರ ಅಷ್ಟು ದೂರದ್ದು ಯಾಕ ಬೇಕು ಅಂತ ಅಪ್ಪನ ವಾದ. ತಿಳದವರು ಹೇಳ್ರಿ.

ಶಹಾಬಾದ್ ಫರಸಿ ಬರೆದದ್ದು:

ಮೊದಲು ಮಿಸಿಸಿಪ್ಪಿಯ ಕಾಯ್ದೆ. ಅಲ್ಲಿ ವೈದ್ಯಕೀಯ ಗಾಂಜಾ ಕಾಯ್ದೆಗೆ ರಾಜ್ಯಪಾಲರ ಸಹಿ ಬಿದ್ದದ್ದು 2022ರ ಫೆಬ್ರುವರಿ 2ರಂದು. ಅದರಲ್ಲಿ ಕಾಯಿಲೆಗಳ ಪಟ್ಟಿಯೇ ಇದೆ. ಕ್ಯಾನ್ಸರ್, ಪಾರ್ಕಿನ್ಸನ್ ಜೊತೆಗೆ ಸಕ್ಕರೆ ಕಾಯಿಲೆಯಿಂದ ಬರುವ ನರದ ತೊಂದರೆಯೂ ಸೇರಿದೆ. ಆದ್ದರಿಂದ ನೆರೆಮನೆಯವರು ಹೇಳಿದ್ದರಲ್ಲಿ ಕಾಯಿಲೆಯ ಮಟ್ಟಿಗೆ ತಪ್ಪಿಲ್ಲ. ತೊಡಕಿರುವುದು ರೋಗಿ ಯಾರು ಅನ್ನುವಲ್ಲಿ.

ಕ್ರಮ ಹೀಗೆ: ಅಲ್ಲಿ ನೋಂದಾಯಿತ ವೈದ್ಯರು ನೋಡಿ ಸರ್ಟಿಫಿಕೇಟ್ ಬರೆಯಬೇಕು. ರೋಗಿ ಅದನ್ನು ಹಿಡಿದು ರಾಜ್ಯ ಆರೋಗ್ಯ ಇಲಾಖೆಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು. ಅರ್ಜಿಯ ಜೊತೆ ಆ ರಾಜ್ಯದ ನಿವಾಸಿ ಎಂಬುದಕ್ಕೆ ದಾಖಲೆ ಕೇಳುತ್ತಾರೆ. ವಿಸಿಟರ್ ವೀಸಾದಲ್ಲಿ ಮಗಳ ಮನೆಗೆ ಬಂದ ತಾಯಿಯ ಹತ್ತಿರ ಅದು ಎಲ್ಲಿಂದ ಬರಬೇಕು? “ಹೊರಗಿನವರಿಗೆ 15 ದಿನದ ತಾತ್ಕಾಲಿಕ ಕಾರ್ಡ್ ಇದೆಯಲ್ಲ” ಎಂದು ಕೆಲವರು ಹೇಳುತ್ತಾರೆ. ಇದೆ, ನಿಜ. ಆದರೆ ಅದು ಅಮೆರಿಕದ ಬೇರೆ ರಾಜ್ಯದಲ್ಲಿ ಈಗಾಗಲೇ ಕಾರ್ಡ್ ಇರುವ ರೋಗಿ ಮಿಸಿಸಿಪ್ಪಿಗೆ ಬಂದರೆ ಕೊಡುವಂಥದ್ದು. ಕಲಬುರಗಿಯ ಡಾಕ್ಟರ ಚೀಟಿ ಅದಕ್ಕೆ ಆಧಾರವಾಗುವುದಿಲ್ಲ.

ಅಕ್ಕ ತಮ್ಮ ಹೆಸರಲ್ಲಿ ತೆಗೆದುಕೊಂಡು ಅವ್ವನಿಗೆ ಕೊಡುವುದು ಬೇಡವೇ ಬೇಡ. ಕಾರ್ಡಿನವರು ಕಾರ್ಡಿಲ್ಲದವರಿಗೆ ಕೊಟ್ಟರೆ ಆ ಕಾಯ್ದೆಯ ರಕ್ಷಣೆ ಇಬ್ಬರಿಗೂ ತಪ್ಪುತ್ತದೆ. ಕೊಟ್ಟವರ ಮೇಲೆ ಬೀಳುವುದು ಸರಬರಾಜಿನ ಆರೋಪ. ಅಂಗಡಿಯಲ್ಲಿ ಕೊಂಡ ಪ್ರತಿಯೊಂದೂ ಕಾರ್ಡಿನ ಲೆಕ್ಕಕ್ಕೆ ಏರುತ್ತದೆ ಎಂಬುದೂ ನೆನಪಿರಲಿ. 2022ರ ಕಾಯ್ದೆ ಅದಕ್ಕೊಂದು ‘ಯೂನಿಟ್’ ಇಟ್ಟಿತು: 3.5 ಗ್ರಾಂ ಹೂವು, ಅಥವಾ 1 ಗ್ರಾಂ ಸಾರ, ಅಥವಾ 100 ಮಿಲಿಗ್ರಾಂ ಟಿಎಚ್‌ಸಿ (ಗಾಂಜಾದ ಅಮಲಿನ ಅಂಶ) ಇರುವ ತಿನಿಸು. ವಾರಕ್ಕೆ 6 ಯೂನಿಟ್, ತಿಂಗಳಿಗೆ 24.

ಸಣ್ಣ ಊರುಗಳ ಗೊಂದಲ ಇನ್ನೊಂದಿದೆ. ಕಾಯ್ದೆ ಬಂದ ಮೇಲೆ ಊರು ಮತ್ತು ಕೌಂಟಿಗಳಿಗೆ ‘ನಮ್ಮಲ್ಲಿ ಅಂಗಡಿ ಬೇಡ’ ಎಂದು ಹೊರಗುಳಿಯಲು 90 ದಿನ ಕೊಟ್ಟಿದ್ದರು. ಹೊರಗುಳಿದ ಊರಲ್ಲಿ ಅಂಗಡಿ ಇರುವುದಿಲ್ಲ, ಆದರೆ ಕಾರ್ಡಿರುವ ರೋಗಿ ಮನೆಯಲ್ಲಿ ಇಟ್ಟುಕೊಂಡರೆ ತಪ್ಪಲ್ಲ. ಜನ ಇದನ್ನು ತಿರುಗಿಸಿ ಓದುತ್ತಾರೆ: ಅಂಗಡಿ ಇದೆ, ಹಾಗಾದರೆ ಎಲ್ಲರಿಗೂ ನಡೆಯುತ್ತದೆ ಅಂತ. ಹಾಗಲ್ಲ. ಯೂನಿವರ್ಸಿಟಿ ಕ್ಯಾಂಪಸ್ಸಿನಲ್ಲಂತೂ ಕಾರ್ಡಿದ್ದರೂ ನಿಷೇಧ, ಯಾಕೆಂದರೆ ಅವು ನಡೆಯುವುದು ಕೇಂದ್ರದ ಅನುದಾನದ ಮೇಲೆ. ಅಕ್ಕ-ಭಾವ ಕ್ಯಾಂಪಸ್ ಮನೆಯಲ್ಲಿದ್ದರೆ ಈ ಮಾತು ಅಲ್ಲಿಗೇ ಮುಗಿಯಿತು.

ರಸ್ತೆಯದ್ದೂ ಕೇಳಿ. ಟುಪೆಲೊ ಕಡೆಯಿಂದ ಜ್ಯಾಕ್ಸನ್ ಕಡೆಗೆ ಹೋಗುವ ನ್ಯಾಚೆಜ್ ಟ್ರೇಸ್ ಪಾರ್ಕ್‌ವೇ ರಾಷ್ಟ್ರೀಯ ಉದ್ಯಾನ ಸೇವೆಯ ರಸ್ತೆ. ನೋಡಲು ಚೆಂದ ಎಂದು ಎಲ್ಲ ಅಪ್ಪ-ಅಮ್ಮಂದಿರನ್ನೂ ಅಲ್ಲಿಗೆ ಕರೆದೊಯ್ಯುತ್ತಾರೆ. ಅದರ ಮೇಲೆ ಕಾರು ಏರಿದ ಕೂಡಲೇ ನೀವು ಕೇಂದ್ರ ಸರ್ಕಾರದ ನೆಲದಲ್ಲಿದ್ದೀರಿ, ರಾಜ್ಯದ ಕಾರ್ಡಿಗೆ ಅಲ್ಲಿ ಬೆಲೆಯಿಲ್ಲ. ಪೂರ್ವಕ್ಕೆ ಕೊಲಂಬಸ್ ಊರು ದಾಟಿದರೆ ಅಲಬಾಮಾ. ಅಲ್ಲಿ 2021ರಲ್ಲೇ ಬೇರೆ ಕಾಯ್ದೆ ಆಗಿದೆ, ಹೂವು ಸೇದುವುದು ಅದರಲ್ಲಿಲ್ಲ, ಮಿಸಿಸಿಪ್ಪಿ ಕಾರ್ಡನ್ನು ಅವರು ಒಪ್ಪುವುದೂ ಇಲ್ಲ. ಸ್ವಂತಕ್ಕೆ ಸ್ವಲ್ಪವೇ ಇಟ್ಟುಕೊಂಡಿದ್ದರೂ 1 ವರ್ಷದವರೆಗೆ ಜೈಲು, 6,000 ಡಾಲರ್‌ವರೆಗೆ ದಂಡ. ವಿಮಾನಕ್ಕೆ ಬರ್ಮಿಂಗ್‌ಹ್ಯಾಮಿಗೆ ಹೋದರೆ ಅದು ಅಲಬಾಮಾ, ಮೆಂಫಿಸಿಗೆ ಹೋದರೆ ಟೆನೆಸಿ, ಅಟ್ಲಾಂಟಾ ಅಂದರೆ ಜಾರ್ಜಿಯಾ. ಬೀದರ್‌ನಿಂದ ಜಹೀರಾಬಾದಿಗೆ ಹೋದಷ್ಟು ಸಲೀಸಾಗಿ ರಾಜ್ಯ ದಾಟುತ್ತೀರಿ, ಬೋರ್ಡು ಬಿಟ್ಟರೆ ಏನೂ ಕಾಣುವುದಿಲ್ಲ.

ಬೆಣ್ಣೆತೊರಾ ಬರೆದದ್ದು:

ಫರಸಿಯವರು ರಾಜ್ಯದ ಕಾಯ್ದೆ ಸರಿಯಾಗಿ ಬಿಡಿಸಿದ್ದಾರೆ. ನಿಮ್ಮ ಮನೆಯವರಿಗೆ ದೊಡ್ಡ ಅಪಾಯ ಮಾತ್ರ ವೀಸಾದ ಕಡೆಯಿಂದ.

ವಲಸೆ ಕಾಯ್ದೆ ಕೇಂದ್ರದ್ದು. ರಾಜ್ಯ ಕಾರ್ಡ್ ಕೊಟ್ಟಿದೆ, ಡಾಕ್ಟರು ಬರೆದಿದ್ದಾರೆ ಅನ್ನುವುದು ಅದಕ್ಕೆ ಲೆಕ್ಕವೇ ಇಲ್ಲ. ಅಮೆರಿಕದ ಪ್ರಜೆಯಲ್ಲದವರು ಮಾದಕವಸ್ತು ಕಾಯ್ದೆ ಮುರಿದಿದ್ದನ್ನು ತಾವಾಗಿ ಒಪ್ಪಿಕೊಂಡರೂ ಸಾಕು, ಶಿಕ್ಷೆ ಆಗಿರಬೇಕಿಲ್ಲ, ಕೇಸೂ ಇರಬೇಕಿಲ್ಲ, ಅವರಿಗೆ ದೇಶದೊಳಗೆ ಪ್ರವೇಶ ನಿರಾಕರಿಸಬಹುದು. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಫೋನ್ ಕೇಳಿ ನೋಡುವ ಅಧಿಕಾರವಿದೆ. “ಅವ್ವ, ಗಮ್ಮಿ ತಿಂದಿ ಏನು?” ಎಂಬ ವಾಟ್ಸಾಪ್ ಮೆಸೇಜು ಅಲ್ಲಿ ತೆರೆದುಕೊಂಡರೆ ಮುಂದಿನ ಪ್ರಶ್ನೆ ಏನು ಬರುತ್ತದೆ ಎಂದು ನೀವೇ ಊಹಿಸಿ.

ಮುಂದಿನ ಸಲ ವೀಸಾ ನವೀಕರಿಸುವಾಗ ಡಿಎಸ್-160 ಫಾರಂನಲ್ಲಿ ಒಂದು ಪ್ರಶ್ನೆ ಇದೆ: ನಿಯಂತ್ರಿತ ವಸ್ತುಗಳ ಕಾಯ್ದೆಯನ್ನು ಎಂದಾದರೂ ಉಲ್ಲಂಘಿಸಿದ್ದೀರಾ? ಹೌದು ಎಂದರೆ ಬಾಗಿಲು ಮುಚ್ಚುತ್ತದೆ. ಸುಳ್ಳು ಹೇಳಿ ಸಿಕ್ಕರೆ ಅದು ಬೇರೆಯದೇ ಕಾರಣಕ್ಕೆ ಶಾಶ್ವತವಾಗಿ ಮುಚ್ಚುತ್ತದೆ. ‘ಇಲ್ಲ’ ಎಂದು ನಿಜವಾಗಿ ಬರೆಯುವ ಸ್ಥಿತಿಯಲ್ಲಿ ಅವ್ವ ಇರಬೇಕು, ಅಷ್ಟೇ.

ಇದು ಅಕ್ಕನಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಎಚ್-1ಬಿ ಇರಲಿ, ಗ್ರೀನ್ ಕಾರ್ಡ್ ಇರಲಿ, ಅವರ ಹೆಸರಲ್ಲಿ ರೋಗಿಯ ಕಾರ್ಡಾಗಲಿ ಆರೈಕೆದಾರರ ಕಾರ್ಡಾಗಲಿ ಮಾಡಿಸುವುದು ಬೇಡ. ಗ್ರೀನ್ ಕಾರ್ಡಿನವರಿಗೂ ಇರುವ ವಿನಾಯಿತಿ ಒಂದೇ, 30 ಗ್ರಾಂ ಒಳಗಿನ ಗಾಂಜಾ ಸ್ವಂತಕ್ಕೆ ಇಟ್ಟುಕೊಂಡ ಒಂದೇ ಒಂದು ಪ್ರಕರಣ. ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಗಾಂಜಾ ಬಳಕೆ, ಗಾಂಜಾ ಅಂಗಡಿಯ ಕೆಲಸ ಎರಡೂ ಪೌರತ್ವದ ಅರ್ಜಿಗೆ ಅಡ್ಡಿಯಾಗಬಹುದು ಎಂದು ಅಲ್ಲಿನ ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲೇ ಬರೆದು ಪ್ರಕಟಿಸಿದೆ. ಇದೆಲ್ಲ ಆ ನೆರೆಮನೆಯವರಿಗೆ ಗೊತ್ತಿರಲಿಕ್ಕಿಲ್ಲ. ಅವರು ಅಲ್ಲಿನ ಪ್ರಜೆಗಳಾದರೆ ಗೊತ್ತಿರಬೇಕಾದ ಅಗತ್ಯವೂ ಇಲ್ಲ.

ಜಾತ್ರಿ ಮಂದಿ ಬರೆದದ್ದು:

ಇಷ್ಟೆಲ್ಲಾ ಯಾಕ್ರಿ? ಅಲ್ಲಿ ಪೆಟ್ರೋಲ್ ಬಂಕಿನಾಗೇ ಹೆಂಪ್ ಗಮ್ಮಿ ಮಾರ್ತಾರ, ಕಾರ್ಡ್ ಕೇಳಲ್ಲ. ಇಲ್ಲಿ ಜಾತ್ರ್ಯಾಗ ಸಾಧುಗಳು ಕೂತು ಚಿಲುಮಿ ಎಳಿತಾರ, ಯಾರೂ ಕೇಳಲ್ಲ.

ಶಹಾಬಾದ್ ಫರಸಿ:

ಬಂಕಿನ ಗಮ್ಮಿ 2018ರ ಕೃಷಿ ಮಸೂದೆಯ ಸಂದಿಯಲ್ಲಿ ಹುಟ್ಟಿದ್ದು. ಒಣ ತೂಕದಲ್ಲಿ ಡೆಲ್ಟಾ-9 ಟಿಎಚ್‌ಸಿ 0.3 ಶೇಕಡಾ ಮೀರದಿದ್ದರೆ ಅದು ‘ಹೆಂಪ್’ ಎಂದಿತು ಕಾಯ್ದೆ. ಡೆಲ್ಟಾ-8ರಂಥ ಬೇರೆ ಅಮಲಿನ ಅಂಶಗಳನ್ನು ಅದು ಹೆಸರಿಸಿರಲಿಲ್ಲ, ವ್ಯಾಪಾರಿಗಳು ಅಲ್ಲಿಂದ ನುಗ್ಗಿದರು. 2025ರ ನವೆಂಬರ್‌ನಲ್ಲಿ ಅಮೆರಿಕದ ಸಂಸತ್ತು ಆ ಸಂದಿ ಮುಚ್ಚುವ ತಿದ್ದುಪಡಿ ಮಾಡಿತು: ಒಂದು ಡಬ್ಬಿಗೆ ಒಟ್ಟು ಟಿಎಚ್‌ಸಿ 0.4 ಮಿಲಿಗ್ರಾಂ ಮೀರಬಾರದು, ಜಾರಿಗೆ ಒಂದು ವರ್ಷದ ಗಡುವು. ಅದೂ ಅಲ್ಲದೆ ಬಂಕಿನ ಡಬ್ಬಿಯ ಮೇಲೆ ಬರೆದದ್ದಕ್ಕೂ ಒಳಗಿರುವುದಕ್ಕೂ ತಾಳೆಯಾಗದಿರುವುದು ಮಾಮೂಲು. 67 ವರ್ಷದ ಹೆಣ್ಣುಮಗಳಿಗೆ ಕೊಡುವ ವಸ್ತುವಲ್ಲ ಅದು.

ಜಾತ್ರೆಯ ಮಾತಿಗೆ: ಎನ್‌ಡಿಪಿಎಸ್ (ಭಾರತದ ಮಾದಕವಸ್ತು) ಕಾಯ್ದೆಯಲ್ಲಿ ಪ್ರಸಾದ ಎಂದು ಸೇದುವುದಕ್ಕೂ ವಿನಾಯಿತಿ ಇಲ್ಲ.

ಗುಳಿಗಿ ಡಬ್ಬಿ (ಬೀದರ್) ಬರೆದದ್ದು:

ಕಾಯ್ದೆ ಬಿಟ್ಟು ಅವ್ವಾರ ಕಾಲಿನ ಕಡೆ ಬರೋಣ.

ಪ್ರಿಗ್ಯಾಬಲಿನ್ ಮೇಲೆ ಟಿಎಚ್‌ಸಿ ಸೇರಿದರೆ ತೂಕಡಿಕೆ, ತಲೆಸುತ್ತು ಎರಡೂ ಜಾಸ್ತಿ. ಎದ್ದು ನಿಂತಾಗ ಟಿಎಚ್‌ಸಿ ಬಿಪಿ ಇಳಿಸುತ್ತದೆ, ಎದೆಬಡಿತ ಏರಿಸುತ್ತದೆ. ಸಿಬಿಡಿ (ಗಾಂಜಾದ ಅಮಲೇರಿಸದ ಅಂಶ) ಲಿವರಿನಲ್ಲಿ ಆಮ್ಲೋಡಿಪಿನ್ ಕರಗಿಸುವ ಕಿಣ್ವವನ್ನೇ ತಡೆಯುತ್ತದೆ, ಆಗ ಬಿಪಿ ಗುಳಿಗೆ ಬರೆದದ್ದಕ್ಕಿಂತ ಜೋರಾಗಿ ಕೆಲಸ ಮಾಡಿ ಪಾದ ಬಾವು ಬರಬಹುದು. ಪಾದದ ಸ್ಪರ್ಶ ಕಡಿಮೆ ಇರುವವರು ನಡುರಾತ್ರಿ ಮೂತ್ರಕ್ಕೆ ಎದ್ದಾಗ ಇದೆಲ್ಲ ಒಟ್ಟಾಗುತ್ತದೆ. ಬಿದ್ದು ತೊಡೆಯ ಮೂಳೆ ಮುರಿದರೆ ಅಮೆರಿಕದ ಆಸ್ಪತ್ರೆ ಬಿಲ್ಲಿನ ಮುಂದೆ ಕಾಲಿನ ಉರಿ ಏನೂ ಅಲ್ಲ.

ತಿನ್ನುವ ರೂಪದ್ದು ಯಾಕೆ ಹೆಚ್ಚು ಮೋಸ ಮಾಡುತ್ತದೆ ಅಂದರೆ, ಪರಿಣಾಮ ಶುರುವಾಗಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. “ಏನೂ ಆಗಲಿಲ್ಲ” ಎಂದು ಇನ್ನೊಂದು ತಿನ್ನುತ್ತಾರೆ, ಆಮೇಲೆ ಎರಡೂ ಸೇರಿ ಏರುತ್ತವೆ. ಹೊಸಬರಿಗೆ 2.5 ಮಿಲಿಗ್ರಾಂ ಎಂದು ಹೇಳುವಲ್ಲಿ ಅಂಗಡಿಯ ಒಂದು ಗಮ್ಮಿಯಲ್ಲಿ ಸಾಮಾನ್ಯವಾಗಿ 10 ಇರುತ್ತದೆ.

ಹೊರಡುವ ಮುಂಚೆ ಇಲ್ಲೇ ಮಾಡಿಸಬೇಕಾದ್ದು ಬಹಳ ಇದೆ. ಮೊದಲನೆಯದು ವಿಟಮಿನ್ ಬಿ12 ಪರೀಕ್ಷೆ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ಕುಸಿಯುತ್ತದೆ, ಕಾಯಿಪಲ್ಯ ಊಟದವರಲ್ಲಿ ಇನ್ನೂ ಬೇಗ. ಬಿ12 ಕೊರತೆಯ ಪಾದದ ಉರಿ ಶುಗರಿನ ಉರಿಯ ಹಾಗೆಯೇ ಇರುತ್ತದೆ, ಇಂಜೆಕ್ಷನ್‌ನಿಂದ ಸುಧಾರಿಸುತ್ತದೆ. ಇದನ್ನು ನೋಡದೆ ಗಾಂಜಾದ ತನಕ ಹೋಗುವುದು ನನಗೆ ಅರ್ಥವಾಗದ ಸಂಗತಿ. ಜೊತೆಗೆ ಎಚ್‌ಬಿಎ1ಸಿ (ಮೂರು ತಿಂಗಳ ಶುಗರಿನ ಸರಾಸರಿ), ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ). ಕಿಡ್ನಿ ಸರಿ ಇದ್ದರೆ ಪ್ರಿಗ್ಯಾಬಲಿನ್ ದಿನಕ್ಕೆ 150ರಿಂದ 300ರವರೆಗೆ ಏರಿಸಲು ಜಾಗ ಇದೆ. ಕಿಡ್ನಿ ಸೋತಿದ್ದರೆ ಇರುವುದನ್ನೇ ಇಳಿಸಬೇಕಾಗುತ್ತದೆ. ಡುಲಾಕ್ಸಿಟಿನ್ ಇನ್ನೊಂದು ದಾರಿ, ರೂಢಿಯ ಡೋಸು 60 ಮಿಲಿಗ್ರಾಂ, ಶುರು 30ರಿಂದ. ಅಮಿಟ್ರಿಪ್ಟಿಲಿನ್ ಅಗ್ಗ, ರಾತ್ರಿ ನಿದ್ದೆಯೂ ಬರುತ್ತದೆ, ಆದರೆ ಈ ವಯಸ್ಸಿನಲ್ಲಿ ಬಾಯಿ ಒಣಗುವುದು, ಮಲಬದ್ಧತೆ, ಹೃದಯದ ಲಯ ನೋಡಿಕೊಂಡು ಕೊಡಬೇಕು. ಬದಲಾವಣೆ ಏನೇ ಇರಲಿ, ಪ್ರಯಾಣಕ್ಕೆ ಕನಿಷ್ಠ ನಾಲ್ಕು ವಾರ ಮುಂಚೆ ಆಗಲಿ, ಹೊಂದುತ್ತದೋ ಇಲ್ಲವೋ ಇಲ್ಲೇ ಗೊತ್ತಾಗುತ್ತದೆ.

ಈಗಿನ ಗುಳಿಗೆ ಒಯ್ಯುವ ಬಗ್ಗೆಯೂ ಕೇಳಿ. ಪ್ರಿಗ್ಯಾಬಲಿನ್ ಇಲ್ಲಿ ಚೀಟಿ ಮೇಲೆ ಸಿಗುವ ಔಷಧ, ಅಮೆರಿಕದಲ್ಲಿ ನಿಯಂತ್ರಿತ ಪಟ್ಟಿಯ ಐದನೇ ವರ್ಗದ್ದು. ಸ್ಟ್ರಿಪ್ ಬಿಚ್ಚಿ ಡಬ್ಬಿಗೆ ಸುರಿಯಬೇಡಿ. ಡಾಕ್ಟರ ಲೆಟರ್‌ಹೆಡ್‌ನಲ್ಲಿ ಇಂಗ್ಲಿಷಿನಲ್ಲಿ, ಕಂಪನಿ ಹೆಸರಲ್ಲದೆ ಮೂಲ ಔಷಧದ ಹೆಸರು, ಮಿಲಿಗ್ರಾಂ, ದಿನಕ್ಕೆ ಎಷ್ಟು, ಒಟ್ಟು ಎಷ್ಟು, ಯಾವ ಕಾಯಿಲೆಗೆ ಎಂದು ಬರೆಸಿ. ಕೈಚೀಲದಲ್ಲಿಡಿ, ಕಸ್ಟಮ್ಸ್‌ನಲ್ಲಿ ತಾವಾಗಿ ಹೇಳಿ. ಅಲ್ಲಿನ ಸಲಹೆ ಸುಮಾರು 90 ದಿನಕ್ಕೆ ಆಗುವಷ್ಟು, ಅಂದರೆ ಅವ್ವಾರ ಲೆಕ್ಕದಲ್ಲಿ 180 ಕ್ಯಾಪ್ಸೂಲ್. ಉಳಿದ ಎರಡೂವರೆ ತಿಂಗಳಿಗೆ ಅಲ್ಲಿನ ವಾಕ್-ಇನ್ ಕ್ಲಿನಿಕ್‌ನಲ್ಲಿ ಚೀಟಿ ಬರೆಸಿ ಕೊಳ್ಳುವುದು ಒಳ್ಳೆಯದು. ಕಂಪನಿ ಹೆಸರಿಲ್ಲದ ಪ್ರಿಗ್ಯಾಬಲಿನ್ ರಿಯಾಯಿತಿ ಕೂಪನ್ ಹಿಡಿದರೆ ಕೈಸುಡುವಷ್ಟಿಲ್ಲ. ಇಲ್ಲಿಂದ ಕೊರಿಯರ್ ಮಾಡುವ ಯೋಚನೆ ಬಿಡಿ. ಎಲ್ಲಕ್ಕಿಂತ ಮುಖ್ಯ, ಖಾಲಿಯಾಯಿತೆಂದು ಪ್ರಿಗ್ಯಾಬಲಿನ್ ಥಟ್ಟನೆ ನಿಲ್ಲಿಸಬಾರದು, ಒಂದು ವಾರವಾದರೂ ಇಳಿಸುತ್ತ ಬರಬೇಕು.

ಒಂದು ಸಣ್ಣ ಮಾತು: ಅವ್ವಾರು ಒಣಗಿಸಿದ ಪುಂಡಿ ಸೊಪ್ಪು ಕಟ್ಟಿಕೊಂಡು ಹೋಗದ ಹಾಗೆ ನೋಡಿಕೊಳ್ಳಿ. ಪುಂಡಿ ಎಲೆ ಥೇಟ್ ಗಾಂಜಾ ಎಲೆಯ ಆಕಾರ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಒಯ್ಯಲಿ.

ಬೆಣ್ಣೆತೊರಾ:

ವಾಪಸ್ ತರುವ ಪ್ರಶ್ನೆ ಹಾಗೇ ಉಳಿದಿದೆ. ಶಂಷಾಬಾದಿನಲ್ಲಿ (ಹೈದರಾಬಾದ್ ವಿಮಾನ ನಿಲ್ದಾಣ) ಇಳಿಯುವಾಗ ಚೀಲದಲ್ಲಿ ಗಾಂಜಾ ಎಣ್ಣೆಯಿದ್ದರೆ ಅದು ಆಮದು, ಎನ್‌ಡಿಪಿಎಸ್ 23ನೇ ಕಲಂ. ಅಮೆರಿಕದ ಡಾಕ್ಟರ ಚೀಟಿ, ಕಾರ್ಡು ಯಾವುದೂ ಇಲ್ಲಿ ಪರವಾನಗಿ ಅಲ್ಲ. ಮಾಲಿನ ತೂಕ ಹಿಡಿಯುವಾಗ ಅಮಲಿನ ಅಂಶವನ್ನಷ್ಟೇ ಅಲ್ಲ, ಅದರೊಳಗೆ ಕಲಸಿದ್ದೆಲ್ಲವನ್ನೂ ಸೇರಿಸಿ ಹಿಡಿಯಬೇಕು ಎಂದು ಸುಪ್ರೀಂ ಕೋರ್ಟ್ 2020ರ ಹೀರಾ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಗಮ್ಮಿಯ ಸಕ್ಕರೆಯೂ ತೂಕಕ್ಕೆ ಬರುತ್ತದೆ ಅಂತಲೇ ಇದರ ಅರ್ಥ. ದಾರಿಯಲ್ಲಿ ದೋಹಾ, ದುಬೈ ಇದ್ದರೆ ಅಲ್ಲಿನ ಕಾಯ್ದೆಯೂ ಲೆಕ್ಕಕ್ಕೆ. ಲಗೇಜು ನೇರ ಹೋಗುತ್ತದೆ ಎಂದು ಧೈರ್ಯ ಮಾಡಬೇಡಿ.

ಇನ್ನು ಇಲ್ಲಿಯೇ ಸಿಗುವುದು. ಎನ್‌ಡಿಪಿಎಸ್ ‘ಗಾಂಜಾ’ ಅನ್ನುವುದು ಗಿಡದ ಹೂವು, ಕಾಯಿ ಬಿಟ್ಟ ತುದಿಗೆ. ತುದಿ ಜೊತೆಗಿಲ್ಲದ ಬರೀ ಎಲೆ, ಬೀಜ ಆ ವ್ಯಾಖ್ಯೆಯ ಹೊರಗೆ. ಆಯುರ್ವೇದದವರು ‘ವಿಜಯಾ’ ಎಂದು ಔಷಧ ಮಾಡುವುದು ಈ ಎಲೆಯಿಂದ. ಹಾಗಂತ ಎಲೆ ಹಿಡಿದು ತಿರುಗಬಹುದು ಎಂದಲ್ಲ, ಕರ್ನಾಟಕದ 1965ರ ಅಬಕಾರಿ ಕಾಯ್ದೆಯಲ್ಲಿ ಭಂಗಿ ಎಲೆಯೂ ಅಮಲು ವಸ್ತುವೇ. 2022ರಲ್ಲಿ ಬೆಂಗಳೂರಿನ ಪ್ರಕರಣವೊಂದರಲ್ಲಿ ಭಂಗಿ ಎನ್‌ಡಿಪಿಎಸ್ ಅಡಿ ಬರುವುದಿಲ್ಲವೆಂದು ಹೈಕೋರ್ಟ್ ಜಾಮೀನು ಕೊಟ್ಟಿತು. ಆದರೆ ಆ ಮಾತು ಹೈಕೋರ್ಟಿನ ತನಕ ಹೋದ ಮೇಲೆ ಸಿಕ್ಕಿದ್ದು. ಠಾಣೆಯಲ್ಲಿ ಯಾರೂ ಎಲೆ ಬೇರೆ ಹೂವು ಬೇರೆ ಆರಿಸುತ್ತ ಕೂರುವುದಿಲ್ಲ, ಮಾಲು ಪ್ರಯೋಗಾಲಯಕ್ಕೆ ಹೋಗುತ್ತದೆ, ವರದಿ ಬರುವ ತನಕ ನೀವು ಕಾಯುತ್ತೀರಿ.

ಸರಿಯಾದ ದಾರಿ: ಬಿಎಎಂಎಸ್ (ಆಯುರ್ವೇದ) ವೈದ್ಯರ ಚೀಟಿ, ಆಯುಷ್ ತಯಾರಿಕಾ ಲೈಸೆನ್ಸ್ ನಂಬರಿರುವ ಸೀಲು ಬಾಟಲಿ, ಬಿಲ್ಲು. ವಿಜಯಾ ಔಷಧ ನಿಯಮಾವಳಿಯ ‘ಇ-1’ ವಿಷದ್ರವ್ಯಗಳ ಪಟ್ಟಿಯಲ್ಲಿದೆ, ಆದ್ದರಿಂದ ‘ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಬೇಕು’ ಎಂಬ ಎಚ್ಚರಿಕೆ ಲೇಬಲ್ ಮೇಲೆ ಇಂಗ್ಲಿಷ್, ಹಿಂದಿಯಲ್ಲಿ ಇರಲೇಬೇಕು. ಅದಿಲ್ಲದ ಬಾಟಲಿ, ಇನ್‌ಸ್ಟಾಗ್ರಾಂ ಮೇಲೆ ಮಾರುವ ‘ಸಿಬಿಡಿ’ ಮುಟ್ಟಬೇಡಿ. ಕಲಬುರಗಿಯ ಹಿಂಗುಲಾಂಬಿಕಾ ಆಯುರ್ವೇದ ಕಾಲೇಜಿನ ಹೊರರೋಗಿ ವಿಭಾಗದಲ್ಲಿ ವಿಚಾರಿಸಿ, ಪ್ರಿಗ್ಯಾಬಲಿನ್ ನಡೆಯುತ್ತಿರುವುದನ್ನು ಹೇಳಿ. ಇದರಲ್ಲೂ ಟಿಎಚ್‌ಸಿ ಇರುತ್ತದೆ, ಮೇಲೆ ಗುಳಿಗಿ ಡಬ್ಬಿಯವರು ಬರೆದದ್ದೆಲ್ಲ ಇದಕ್ಕೂ ಸಲ್ಲುತ್ತದೆ. ಮತ್ತೆ, ಆ ಬಾಟಲಿ ಅಮೆರಿಕದ ವಿಮಾನ ಹತ್ತಬಾರದು. ಇಲ್ಲಿ ಬಿಲ್ಲಿರುವ ಔಷಧ ಅಲ್ಲಿ ಗಾಂಜಾ.

ಹೊಲದವರು ಯಾರಾದರೂ ಓದುತ್ತಿದ್ದರೆ: ಔಷಧಕ್ಕೆಂದು ತೊಗರಿ ಸಾಲಿನ ನಡುವೆ ಎರಡು ಗಿಡ ಹಾಕುವುದು ಬೇಡ. ಇಟ್ಟುಕೊಂಡರೆ 1 ಕಿಲೋವರೆಗೆ ‘ಸಣ್ಣ ಪ್ರಮಾಣ’ ಎಂಬ ರಿಯಾಯಿತಿ ಇದೆ, ಹೆಚ್ಚೆಂದರೆ 1 ವರ್ಷ. ಬೆಳೆದರೆ 20(ಎ) ಕಲಂ, 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ.

ಕಾಗಿಣಾ ದಂಡೆ:

ಭಾಳ ಉಪಕಾರ ಆಯ್ತು ಎಲ್ಲರಿಂದ. ಅಕ್ಕಗ ಬೆಣ್ಣೆತೊರಾ ಅವರು ಬರದಿದ್ದು ಓದಿ ಹೇಳ್ದೆ, ಆಕಿ ಕಾರ್ಡಿನ ಮಾತು ಬಿಟ್ಟಾಳ. ನಾಳೆ ಬಿ12 ಮಾಡಸ್ತೀವಿ. ಒಂದು ಉಳೀತು: ಗಾಂಜಾದ್ದೇ ಗುಳಿಗಿ ಅಲ್ಲಿ ಸಾದಾ ಮೆಡಿಕಲ್ ಅಂಗಡ್ಯಾಗ ಚೀಟಿ ಮ್ಯಾಲ ಕೊಡ್ತಾರ ಅಂತಾಳ ಅಕ್ಕ. ಅದು ಖರೇನಾ?

ಗುಳಿಗಿ ಡಬ್ಬಿ:

ಖರೆ. ಡ್ರೊನಾಬಿನಾಲ್ ಮತ್ತು ನಾಬಿಲೋನ್, ಎರಡಕ್ಕೂ ಅಲ್ಲಿನ ಔಷಧ ಇಲಾಖೆ 1985ರಲ್ಲೇ ಒಪ್ಪಿಗೆ ಕೊಟ್ಟಿದೆ. ಎಪಿಡಿಯೋಲೆಕ್ಸ್ ಎಂಬ ಸಿಬಿಡಿ ದ್ರಾವಣಕ್ಕೆ 2018ರಲ್ಲಿ. ಇವಕ್ಕೆ ರಾಜ್ಯದ ಕಾರ್ಡ್ ಬೇಕಿಲ್ಲ, ಕೇಂದ್ರದ ಕಾಯ್ದೆಯೂ ಒಪ್ಪುತ್ತದೆ. ಆದರೆ ಮೊದಲೆರಡು ಇರುವುದು ಕೀಮೋ ವಾಂತಿಗೆ (ಡ್ರೊನಾಬಿನಾಲ್ ಏಡ್ಸ್ ರೋಗಿಗಳ ಹಸಿವಿಗೂ), ಮೂರನೆಯದು ಕೆಲವು ಅಪರೂಪದ ಮೂರ್ಛೆರೋಗಗಳಿಗೆ. ಪಾದದ ಉರಿಗೆ ಒಪ್ಪಿಗೆ ಪಡೆದದ್ದು ಒಂದೂ ಇಲ್ಲ. ಬಿ12 ವರದಿ ಬಂದ ಮೇಲೆ ಸಂಖ್ಯೆ ಹಾಕಿ, ಪರೀಕ್ಷೆಗೆ ಮುಂಚೆ ಬಿ-ಕಾಂಪ್ಲೆಕ್ಸ್ ಗುಳಿಗೆ ನುಂಗಿಸಬೇಡಿ.